ಹೊಗೆಸೊಪ್ಪಿಗೆ ತಕ್ಕಡಿ, ಬಸುರಿಗೆ ಅಂದಾಜು!

ಮೊನ್ನೆ ಊರಿಗೆ ಹೋಗಿದ್ದೆ. ಪಿರಿಯಾಪಟ್ಟಣದ ಹತ್ತಿರ. ಆರು ತಿಂಗಳ ಬಸುರಿ ಅಕ್ಕ ಜಗಲಿ ಮೇಲೆ ಸುಸ್ತಾಗಿ ಕೂತಿದ್ದಳು. ತಾಯಿ ಕಾರ್ಡ್ ತೆಗೆದು ನೋಡಿದೆ: ಹಿಮೋಗ್ಲೋಬಿನ್ 7.5. ಬಸುರಿಯರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ.

"ಮಾತ್ರೆ ನುಂಗಿದ್ರೆ ವಾಂತಿ ಬತ್ತದೆ ಅಂತ ಕಬ್ಬಿಣದ ಬಾಟ್ಲಿ ಹಾಕವ್ರೆ. ಎರಡಾಯ್ತು, ಸಾಕಂತೆ ಬುಡ್ಲಾ" ಅಂದಳು.

ಸಾಕಂತೆ! ಯಾವ ಲೆಕ್ಕದಲ್ಲಿ? ಆಸ್ಪತ್ರೆ ಹೆಸರು ಇಲ್ಲಿ ಬೇಡ, ನನ್ನ ಜಗಳ ಈ 'ಎರಡು ಬಾಟ್ಲಿ' ಅನ್ನೋ ಅಭ್ಯಾಸದ ಜೊತೆ.

ಲೆಕ್ಕ ಇದೆ ಸ್ವಾಮಿ, ಹೊಸದೂ ಅಲ್ಲ. 1970ರಲ್ಲಿ ಗ್ಯಾಂಜೋನಿ ಅನ್ನೋರು ಕೊಟ್ಟ ಸೂತ್ರ. ಬಸುರಿಗಿಂತ ಮುಂಚಿನ ತೂಕವನ್ನ, ಇರಬೇಕಾದ ಮತ್ತು ಈಗಿರುವ ಹಿಮೋಗ್ಲೋಬಿನ್ ನಡುವಿನ ವ್ಯತ್ಯಾಸದಿಂದ ಗುಣಿಸಿ, ಅದನ್ನ 2.4ರಿಂದ ಗುಣಿಸಿ, ಕೊನೆಗೆ 500 ಕೂಡಿಸಿ. ಉತ್ತರ ಮಿಲಿಗ್ರಾಂನಲ್ಲಿ. ಈ 2.4 ಆಕಾಶದಿಂದ ಬಿದ್ದಿದ್ದಲ್ಲ. ದೇಹದ ತೂಕದಲ್ಲಿ ಸುಮಾರು 7% ರಕ್ತ, ಹಿಮೋಗ್ಲೋಬಿನ್‌ನಲ್ಲಿ 0.34% ಕಬ್ಬಿಣ, ಎರಡನ್ನೂ ಗುಣಿಸಿ ಯೂನಿಟ್ ಸರಿ ಮಾಡಿದರೆ 2.4 ಬರುತ್ತೆ. ಆ 500 ದೇಹದ ಉಗ್ರಾಣಕ್ಕೆ.

ಅಕ್ಕನ ತೂಕ 42 ಕೆಜಿ. 42 × 3.5 × 2.4 = 353. ಜೊತೆಗೆ 500, ಒಟ್ಟು 853. ಹಾಕಿದ್ದು ಐರನ್ ಸುಕ್ರೋಸ್, ಬಾಟಲಿಗೆ 200ರಂತೆ ಎರಡು, ಅಂದ್ರೆ 400. ಅರ್ಧವೂ ಆಗಲಿಲ್ಲ! ಇನ್ನೊಂದು ತಮಾಷೆ ನೋಡಿ. ಉಗ್ರಾಣಕ್ಕೇ 500 ಬೇಕು ಅಂದಮೇಲೆ, ಈ ಸೂತ್ರದಲ್ಲಿ ರಕ್ತಹೀನತೆ ಇರುವ ಯಾವ ಹೆಂಗಸಿಗೂ 400 ಅನ್ನೋ ಉತ್ತರ ಬರೋದೇ ಇಲ್ಲ.

"ನೀನೇನು ಡಾಕ್ಟ್ರಾ?" ಅಂತೀರಿ. ಅಲ್ಲ, ಕೋಡ್ ಬರೆಯೋನು. ಆದರೆ ಇನ್‌ಪುಟ್ ನೋಡದೆ ಎಲ್ಲರಿಗೂ ಒಂದೇ ಔಟ್‌ಪುಟ್ ಕೊಡೋ ಪ್ರೋಗ್ರಾಂ ಬರೆದರೆ ನನ್ನನ್ನ ಮನೆಗೆ ಕಳಿಸ್ತಾರೆ. ಸೂತ್ರ ಬೇಡ ಅಂದ್ರೆ ಕೋಷ್ಟಕಗಳಿವೆ. ಅದರಲ್ಲೂ ತೂಕ, ಹಿಮೋಗ್ಲೋಬಿನ್ ಎರಡೂ ಬೇಕು.

"ಐದು ಸಲ ಬರಕ್ಕೆ ಹೇಳಿದ್ರೆ ಅವರೇ ಬರಲ್ಲ" ಅನ್ನೋದು ಇನ್ನೊಂದು ವಾದ. ನಿಜ, ಹೊಗೆಸೊಪ್ಪಿನ ಸೀಸನ್‌ನಲ್ಲಿ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತೋದು ಸುಲಭವಲ್ಲ. ಅದಕ್ಕೇ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಇದೆ: 15 ನಿಮಿಷದಲ್ಲಿ, ಒಂದೇ ಸಲಕ್ಕೆ 1000 ಮಿಲಿಗ್ರಾಂವರೆಗೂ ಕೊಡಬಹುದು, ತೂಕ ಕಡಿಮೆಯಿದ್ದರೆ ಸ್ವಲ್ಪ ಇಳಿಸಿ. 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮವೇ ಇದನ್ನ ಹೆಸರಿಸಿದೆ. ದುಬಾರಿನಾ? ಐದು ಸಲದ ಬಸ್ ಚಾರ್ಜು, ಐದು ದಿನದ ಕೂಲಿ ಕೂಡಿಸಿ ಆಮೇಲೆ ಹೇಳಿ.

ಹಾಗಂತ ಸಿಕ್ಕಾಪಟ್ಟೆ ಸುರಿಯಿರಿ ಅಂತಲ್ಲ. ಮೊದಲ ಮೂರು ತಿಂಗಳು ಕೊಡೋ ಹಾಗಿಲ್ಲ. ಅಲರ್ಜಿ ಆಗಬಹುದು, ಮುಗಿದಮೇಲೂ ಅರ್ಧ ಗಂಟೆ ಕೂರಿಸಿ ನೋಡ್ಕೋಬೇಕು. ಹೆಚ್.ಡಿ.ಕೋಟೆ ಹಾಡಿಗಳ ಕಡೆ ಸಿಕಲ್ ಸೆಲ್ ಇದೆ. ಅಲ್ಲಿ ರಕ್ತ ಕಡಿಮೆ ಅಂದ ತಕ್ಷಣ ಕಬ್ಬಿಣ ಕಡಿಮೆ ಅಂತಲ್ಲ, ಪರೀಕ್ಷೆ ಮೊದಲು. ಅದೂ ಲೆಕ್ಕವೇ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಕೋಟೆ... ನಮ್ಮ ನಾಲ್ಕೂ ತಾಲೂಕಿನ ಹೊಗೆಸೊಪ್ಪು ಹರಾಜಿಗೆ ಹೋದಾಗ ಒಂದೊಂದು ಬೇಲನ್ನೂ ತೂಗಿ, ಗ್ರೇಡ್ ನೋಡಿ ಚೀಟಿ ಅಂಟಿಸ್ತಾರೆ. ಆ ಸೊಪ್ಪು ವಿಂಗಡಿಸಿದ ಹೆಂಗಸಿಗೆ ಮಾತ್ರ ಅಂದಾಜು! ರಕ್ತವಿಲ್ಲದ ಬಸುರಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಜೀವಕ್ಕೆ ಕುತ್ತು.

ನಾನು ಲೆಕ್ಕದ ಚೀಟಿ ಹಿಡಿದು ಅಕ್ಕನ ಜೊತೆ ಡಾಕ್ಟರ ಹತ್ತಿರ ಹೋದೆ. ಅವರು ನೋಡಿ, ಉಳಿದದ್ದನ್ನೂ ಹಾಕಿಸೋಣ ಅಂದರು. ಕೇಳಿದ್ದಕ್ಕೆ ಸಿಕ್ತು. ಕೇಳದವರಿಗೆ?

ನೀವೂ ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ" ಜೊತೆಗೆ ಇದನ್ನೂ ಕೇಳಿ: ಒಟ್ಟು ಎಷ್ಟು ಮಿಲಿಗ್ರಾಂ ಬೇಕಿತ್ತು, ಎಷ್ಟು ಹೋಯ್ತು?

ಏನಂತೀರಾ?