ಹಾವಸೆಯ ಪಾಠ ಆಮ್ಲಜನಕಕ್ಕೇ ನಿಲ್ಲಬಾರದು



ಸಾಂಗಲಿ, ಮಿರಜದ ಕೃಷ್ಣಾ ಘಾಟಿನ ಮೆಟ್ಟಿಲುಗಳ ಮೇಲೆ ಹಾವಸೆ ಕಟ್ಟುತ್ತದೆ. ಕಾಲು ಜಾರೀತು ಎಂದು ಮಕ್ಕಳಿಗೆ ಹೇಳುತ್ತೇವೆ. ಇಂಥ ಹಸಿರು ಪಾಚಿಯಿಂದ ಇಂಧನ ಪಡೆಯುವ ಪ್ರಯತ್ನ ನಡೆದಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಪಾಚಿಯು ಬಿಸಿಲಿನ ಬಲದಿಂದ ನೀರನ್ನು ಒಡೆಯುತ್ತದೆ, ಆಮ್ಲಜನಕ ಹೊರಬರುತ್ತದೆ. ನಮ್ಮ ಪಾಠ ಇಲ್ಲಿಗೆ ಮುಗಿಯುತ್ತದೆ. ಆದರೆ ಆಮ್ಲಜನಕವಿಲ್ಲದ ಕಡೆ ಇಟ್ಟ ಪಾಚಿಗೆ ಬೆಳಕು ಬಿಟ್ಟರೆ ಅದು ಜಲಜನಕವನ್ನೂ ಕೊಡುತ್ತದೆ ಎಂದು 1942ರಲ್ಲೇ ಗ್ಯಾಫ್ರನ್ ಮತ್ತು ರೂಬಿನ್ ಎಂಬ ವಿಜ್ಞಾನಿಗಳು ತೋರಿಸಿದ್ದರು. ಜಲಜನಕ ಉರಿದರೆ ಹೊಗೆ ಇಲ್ಲ, ಬರುವುದು ನೀರು.

ಹಾಗಾದರೆ ಬೆಳಕು ಹೆಚ್ಚಿಸಿದರೆ ಆಯಿತಲ್ಲ? ಇಲ್ಲ. ಬೆಳಕು ಹೆಚ್ಚಾದರೆ ಆಮ್ಲಜನಕವೂ ಹೆಚ್ಚು. ಅದು ತಾಗಿದರೆ ಜಲಜನಕ ತಯಾರಿಸುವ ಕಿಣ್ವ ಕೆಲಸ ನಿಲ್ಲಿಸುತ್ತದೆ. 2000ರಲ್ಲಿ ಅಮೆರಿಕೆಯ ಬರ್ಕ್ಲಿಯ ಮೆಲಿಸ್ ಮತ್ತು ಸಂಗಡಿಗರು ಪಾಚಿಗೆ ಗಂಧಕ ಕೊಡದೆ ನೋಡಿದರು. ನೀರು ಒಡೆಯುವುದು ಇಳಿಯಿತು, ಉಳಿದ ಆಮ್ಲಜನಕವನ್ನು ಪಾಚಿಯ ಉಸಿರಾಟವೇ ತೀರಿಸಿತು. ಮುಚ್ಚಿದ ಬಾಟಲಿಯಲ್ಲಿ, ಬೆಳಕಿನಲ್ಲೇ, ಕೆಲವು ದಿನ ಜಲಜನಕ ಬಂತು.

ಇನ್ನೊಂದು ತೊಡಕು ನಮ್ಮ ರೈತರಿಗೆ ಬೇಗ ತಿಳಿಯುತ್ತದೆ. ಒತ್ತಾದ ಕಬ್ಬಿನಲ್ಲಿ ತಳಕ್ಕೆ ಬಿಸಿಲು ಇಳಿಯುವುದಿಲ್ಲ. ಪಾಚಿಯಲ್ಲೂ ಮೇಲಿನ ಕೋಶಗಳು ಬೇಕಾದ್ದಕ್ಕಿಂತ ಹೆಚ್ಚು ಬೆಳಕು ಹೀರಿ ಶಾಖವಾಗಿ ಕಳೆಯುತ್ತವೆ, ಕೆಳಗೆ ಕತ್ತಲು. ಆದ್ದರಿಂದ ಪತ್ರಹರಿತ್ತು ಕಡಿಮೆ ಇರುವ ತಳಿಗಳನ್ನು ಬೆಳೆಸಿ ಬೆಳಕು ತಳಕ್ಕೂ ಮುಟ್ಟುವಂತೆ ಮಾಡಿದರು.

ನಾಳೆ ಪಾಚಿಯಿಂದ ಎಸ್.ಟಿ. ಬಸ್ಸು ಓಡುತ್ತದೆ ಎಂದು ಮಕ್ಕಳಿಗೆ ಹೇಳಬೇಡಿ. 2023ರ ಜನವರಿಯಲ್ಲಿ ಕೇಂದ್ರ ಸರಕಾರ ಒಪ್ಪಿದ ಹಸಿರು ಹೈಡ್ರೋಜನ್ ಮಿಷನ್ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ ಇಟ್ಟಿದೆ. ಅದರಲ್ಲಿ ಮುಖ್ಯ ದಾರಿ ವಿದ್ಯುತ್ತಿನಿಂದ ನೀರು ಒಡೆಯುವುದು. ಪಾಚಿಯದು ಇನ್ನೂ ಪ್ರಯೋಗದ ಹಂತ.

ಆದರೂ ಇದನ್ನು ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ಮಕ್ಕಳು ಹತ್ತನೆಯ ನಂತರ ವಿಜ್ಞಾನ ತೆಗೆದುಕೊಂಡರೆ ಇಂಗ್ಲಿಷ್ ಪುಸ್ತಕ ಹಿಡಿಯಬೇಕು. ವ್ಯಾಖ್ಯೆ ಬಾಯಿಪಾಠ ಮಾಡಿ ಹೋದವರಿಗೆ ಅಲ್ಲಿ ಎಲ್ಲವೂ ಹೊಸದು, ಹಲವರು ವಿಜ್ಞಾನವನ್ನೇ ಬಿಡುತ್ತಾರೆ. ಏಕೆ, ಹೇಗೆ ಎಂಬುದನ್ನು ಕನ್ನಡದಲ್ಲಿ ತಿಳಿದವರು ಹೊಸ ಹೆಸರುಗಳನ್ನಷ್ಟೇ ಕಲಿತರೆ ಸಾಕು.

ಎರಡು ಬಾಟಲಿ ನೀರಿನಲ್ಲಿ ಪಾಚಿ ಹಾಕಿ, ಒಂದನ್ನು ಬಿಸಿಲಿಗೆ, ಒಂದನ್ನು ಕತ್ತಲಲ್ಲಿ ಇಡಿ. ಬಿಸಿಲಿನದರಲ್ಲಿ ಏಳುವ ಗುಳ್ಳೆ ಆಮ್ಲಜನಕದ್ದು. ಜಲಜನಕ ಏಕೆ ಬರಲಿಲ್ಲ ಎಂದು ಮಕ್ಕಳನ್ನೇ ಕೇಳಿ. ಪಾಠ ಅಲ್ಲಿಂದ ಮುಂದುವರಿಯಲಿ.