ಗೃಹಸ್ಥರ ಗಮನಕ್ಕೆ: ತಾರಸಿಯ ಲೆಕ್ಕವೂ ಗುತ್ತಿಗೆದಾರರ ದರಪಟ್ಟಿಯೂ

ಮನೆ ಕಟ್ಟಿಸುವುದು ಒಂದು ಕುಟುಂಬದ ಬಾಳಿನಲ್ಲಿ ಬಹುಮಟ್ಟಿಗೆ ಒಮ್ಮೆ ಮಾತ್ರ ಒದಗುವ ಕಾರ್ಯ. ನಿವೃತ್ತಿಯ ಕಾಲಕ್ಕೆ ಕೈಸೇರಿದ ಮೊತ್ತ, ಫಸಲಿನಿಂದ ವರ್ಷ ವರ್ಷ ಉಳಿಸಿದ ಗಂಟು, ಒಡವೆ ಅಡವಿಟ್ಟು ತಂದ ಹಣ, ಬ್ಯಾಂಕಿನ ಸಾಲ ಎಲ್ಲವೂ ಅದರಲ್ಲಿ ಕೂಡಿರುತ್ತವೆ. ಗೋಡೆ ಏಳುವವರೆಗೆ ಖರ್ಚು ಅಷ್ಟಿಷ್ಟಾಗಿ ಹರಿಯುತ್ತದೆ. ತಾರಸಿಯ ಹಂತ ಬಂದಾಗ ಮಾತ್ರ ಕೆಲವೇ ದಿನಗಳಲ್ಲಿ ದೊಡ್ಡ ಮೊತ್ತವನ್ನು ಎಣಿಸಿ ಕೊಡಬೇಕಾಗುತ್ತದೆ. ಆಗ ನಮ್ಮ ಗೃಹಸ್ಥರು ಮೂವರು ಗುತ್ತಿಗೆದಾರರನ್ನು ಕರೆಸಿ, ಚದರ ಅಡಿಗೆ ಎಷ್ಟೆಂದು ಕೇಳಿ, ಕಡಿಮೆ ಹೇಳಿದವರಿಗೆ ಕೆಲಸ ಒಪ್ಪಿಸಿಬಿಡುವುದುಂಟು. ಆದರೆ ಆ ಮೂವರು ಹೇಳಿದ್ದು ಒಂದೇ ಕೆಲಸದ ದರವೇ? ಈ ತಿಂಗಳು ಈ ಪ್ರಶ್ನೆಯನ್ನು ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ.

ಮೊದಲು ನಮ್ಮ ಲೆಕ್ಕ ನಮಗೆ ಗೊತ್ತಿರಬೇಕು. 1000 ಚದರ ಅಡಿಯ ತಾರಸಿಯನ್ನು 5 ಅಂಗುಲ ದಪ್ಪಕ್ಕೆ ಹಾಕುವುದಾದರೆ ಬೇಕಾಗುವ ಕಾಂಕ್ರೀಟು ಸುಮಾರು 417 ಘನ ಅಡಿ, ಅಂದರೆ 11.8 ಘನ ಮೀಟರ್. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಮಿಶ್ರಣಕ್ಕೆ ಘನ ಮೀಟರಿಗೆ 8 ಚೀಲದಂತೆ ಸುಮಾರು 95 ಚೀಲ ಸಿಮೆಂಟು, 175 ಘನ ಅಡಿ ಮರಳು ಅಥವಾ ಎಂ-ಸ್ಯಾಂಡ್, 350 ಘನ ಅಡಿ ಜಲ್ಲಿ ಹಿಡಿಯುತ್ತವೆ. ತೊಲೆ ಮತ್ತು ಸಜ್ಜಗಳ ಲೆಕ್ಕ ಇದರ ಮೇಲೆ ಬೇರೆ. ಕಬ್ಬಿಣವೆಷ್ಟು ಎಂಬುದನ್ನು ಕೋಣೆಗಳ ಅಗಲವೇ ನಿರ್ಧರಿಸುತ್ತದೆ. ಆದುದರಿಂದ ಎಂಜಿನಿಯರರಿಂದ ನಕ್ಷೆಯನ್ನೂ ಸರಳುಗಳ ಪಟ್ಟಿಯನ್ನೂ ಬರೆಸಿಕೊಳ್ಳುವುದು ವ್ಯರ್ಥ ವೆಚ್ಚವಲ್ಲ. ಉದಾಹರಣೆಗಾಗಿ ನಾವು 900 ಕಿಲೋ ಎಂದು ಹಿಡಿಯೋಣ.

ಈಗ ಮೂರು ದರಪಟ್ಟಿಗಳನ್ನು ನೋಡೋಣ. ಇಲ್ಲಿಯ ದರಗಳು ಲೆಕ್ಕ ತಿಳಿಸುವುದಕ್ಕಾಗಿ ಮಾತ್ರ. ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಅವು ಬದಲಾಗುತ್ತವೆ. ಮೊದಲನೆಯವರು ಚದರ ಅಡಿಗೆ 170 ರೂಪಾಯಿ ಎಂದರು, ಎರಡನೆಯವರು 240, ಮೂರನೆಯವರು 85. ಮೇಲ್ನೋಟಕ್ಕೆ ಎರಡನೆಯವರು ಬಲು ದುಬಾರಿ. ಆದರೆ ಮೊದಲನೆಯವರ ದರದಲ್ಲಿ ಕಬ್ಬಿಣ ಸೇರಿಲ್ಲ. ಕಿಲೋಗೆ 65ರಂತೆ ಕಬ್ಬಿಣಕ್ಕೆ 58,500, ಸರಳು ಬಗ್ಗಿಸಿ ಕಟ್ಟುವ ಕೂಲಿ 9,000, ಮಿಕ್ಸರ್ ಮತ್ತು ವೈಬ್ರೇಟರ್ ಬಾಡಿಗೆ ಇತ್ಯಾದಿ 12,000 ಸೇರಿಸಿದರೆ ಅವರ 1,70,000 ಹೋಗಿ 2,49,500 ಆಗುತ್ತದೆ. ಎರಡನೆಯವರದು ಎಲ್ಲವೂ ಸೇರಿ 2,40,000. ಮೂರನೆಯವರದು ಕೂಲಿ ಮಾತ್ರ: 85,000. ಅದಕ್ಕೆ ಸಿಮೆಂಟು, ಮರಳು, ಜಲ್ಲಿಗೆ 62,000, ಕಬ್ಬಿಣಕ್ಕೆ 58,500, ಬಾಡಿಗೆಗೆ 12,000, ಸಾಗಣೆ ಮತ್ತು ನಷ್ಟಕ್ಕೆ 6,000 ಕೂಡಿಸಿದರೆ 2,23,500. ಇದು ಎಲ್ಲಕ್ಕಿಂತ ಕಡಿಮೆ, ನಿಜ. ಆದರೆ ಸಾಮಗ್ರಿ ತರಿಸಿ, ಅಳೆದು, ಮಳೆಯಿಂದಲೂ ಕಳವಿನಿಂದಲೂ ಕಾಯುವ ಹೊಣೆ ಮನೆಯವರದೇ ಆಗುತ್ತದೆ. ಆ ಕೆಲಸಕ್ಕೆ ನಿಲ್ಲಬಲ್ಲವರು ಮನೆಯಲ್ಲಿದ್ದರೆ ಮಾತ್ರ 16,500 ರೂಪಾಯಿ ನಿಜವಾದ ಉಳಿತಾಯ. ಜಿ.ಎಸ್.ಟಿ. ದರದೊಳಗೆ ಸೇರಿದೆಯೋ ಇಲ್ಲವೋ ಎಂಬುದನ್ನೂ ಮೂವರಲ್ಲಿ ಕೇಳತಕ್ಕದ್ದು.

ಎಲ್ಲವನ್ನೂ ಹೀಗೆ ಒಂದೇ ತಕ್ಕಡಿಗೆ ಹಾಕಿದ ಮೇಲೆಯೂ ಒಬ್ಬರ ದರ ತೀರ ಕೆಳಗಿದ್ದರೆ ಹಿಗ್ಗುವುದಕ್ಕೆ ಮೊದಲು ಕಾರಣ ಹುಡುಕಬೇಕು. ಒಂದು ಪಾಲಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ ಬೆರೆಸಿದರೆ 95 ಚೀಲದ ಕೆಲಸ 75 ಚೀಲದಲ್ಲಿ ಮುಗಿಯುತ್ತದೆ. 5 ಅಂಗುಲದ ಬದಲು 4 ಅಂಗುಲ ಹಾಕಿದರೆ ಕಾಂಕ್ರೀಟಿನಲ್ಲಿ ಐದನೆಯ ಒಂದು ಪಾಲು ಉಳಿಯುತ್ತದೆ. 6 ಅಂಗುಲಕ್ಕೊಂದರಂತೆ ಕಟ್ಟಬೇಕಾದ ಸರಳುಗಳನ್ನು 8 ಅಂಗುಲಕ್ಕೊಂದರಂತೆ ಕಟ್ಟಿದರೆ ಆ ಕಬ್ಬಿಣದಲ್ಲಿ ಕಾಲುಭಾಗ ಮಿಗುತ್ತದೆ. ಗಿಲಾವು ಮಾಡಿದ ಮೇಲೆ ಇದಾವುದೂ ಕಣ್ಣಿಗೆ ಕಾಣದು. ಸರಳು ತುಕ್ಕು ಹಿಡಿದು ಉಬ್ಬಿ, ಕೆಳಗಿನ ಕಾಂಕ್ರೀಟು ಪದರ ಪದರವಾಗಿ ಉದುರತೊಡಗಿದಾಗ, ಅಗ್ಗದ ಬೆಲೆ ಯಾವುದರದಾಗಿತ್ತು ಎಂಬುದು ತಿಳಿಯುತ್ತದೆ. ಆ ಹೊತ್ತಿಗೆ ಅದರ ಕೆಳಗೆ ನಮ್ಮ ಮಕ್ಕಳು ಮೊಮ್ಮಕ್ಕಳು ಮಲಗುತ್ತಿರುತ್ತಾರೆ. ಮಿತಿಮೀರಿ ಜಗ್ಗಾಡಿ ದರ ಇಳಿಸಿದ ಯಜಮಾನರೂ ಇದರಲ್ಲಿ ಪಾಲುದಾರರೇ. ದುಡಿಯುವವನಿಗೆ ಗಿಟ್ಟದ ದರ ಯಾವುದಾದರೊಂದು ಬಗೆಯಲ್ಲಿ ಕಟ್ಟಡದಿಂದಲೇ ವಸೂಲಾಗುತ್ತದೆ.

ಆದುದರಿಂದ ದರ ಕೇಳುವ ಮೊದಲೇ ಒಂದು ಹಾಳೆಯಲ್ಲಿ ಕೆಲಸದ ವಿವರ ಬರೆದು, ಅದರ ಪ್ರತಿಯನ್ನು ಮೂವರಿಗೂ ಕೊಡಿರಿ. ತಾರಸಿಯ ದಪ್ಪ, ಕಾಂಕ್ರೀಟಿನ ದರ್ಜೆ, ಸರಳುಗಳ ಗಾತ್ರ ಮತ್ತು ಅಂತರ, ಸೆಂಟ್ರಿಂಗ್ ಯಾರದು, ಸಜ್ಜದ ಅಳತೆ ಹೇಗೆ, ನೀರು ಮತ್ತು ವಿದ್ಯುತ್ತು ಯಾರದು, ಎಲ್ಲವೂ ಅದರಲ್ಲಿರಲಿ. 2000ದಲ್ಲಿ ಪರಿಷ್ಕೃತವಾದ ಐ.ಎಸ್. 456 ಸಂಹಿತೆಯು ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಎಂ-20ಕ್ಕಿಂತ ಕೆಳಗಿನ ದರ್ಜೆ ಸಲ್ಲದೆಂದು ವಿಧಿಸಿದೆ; ಈ ಮಾತು ಕರಾರಿನಲ್ಲಿ ಬರಹರೂಪದಲ್ಲಿರಲಿ. ಕಬ್ಬಿಣವನ್ನು ತೂಕ ಮಾಡಿಸಿಯೇ ಇಳಿಸಿಕೊಳ್ಳಿರಿ. 8 ಮಿ.ಮೀ. ಸರಳು ಮೀಟರಿಗೆ ಸುಮಾರು 395 ಗ್ರಾಂ, 10 ಮಿ.ಮೀ. ಸರಳು 617 ಗ್ರಾಂ ತೂಗಬೇಕು.

ಹಣವನ್ನು ಒಮ್ಮೆಗೇ ಕೊಡುವುದು ತರವಲ್ಲ. ಮುಂಗಡವಾಗಿ ಹತ್ತನೆಯ ಒಂದು ಪಾಲು, ಸೆಂಟ್ರಿಂಗ್ ನಿಂತು ಸರಳು ಕಟ್ಟಿ ಎಂಜಿನಿಯರರು ನೋಡಿದ ಮೇಲೆ ಒಂದು ಕಂತು, ಕಾಂಕ್ರೀಟು ಬಿದ್ದ ಮೇಲೆ ಇನ್ನೊಂದು, ಊರೆಗಳನ್ನು ತೆಗೆದು ತಾರಸಿ ಸೋರದೆಂದು ಖಚಿತವಾದ ಮೇಲೆ ಕೊನೆಯದು, ಹೀಗೆ ಒಪ್ಪಂದವಿರಲಿ. ಕೆಲಸ ಸರಿಯಾಗಿ ಮುಗಿದಾಗ ಆ ಕೊನೆಯ ಕಂತನ್ನು ಸತಾಯಿಸದೆ ಕೊಡುವುದೂ ಅಷ್ಟೇ ಮುಖ್ಯ. ಒಟ್ಟು ಅಂದಾಜಿನ ಮೇಲೆ ನೂರಕ್ಕೆ ಹತ್ತರಷ್ಟನ್ನು ಅನಿರೀಕ್ಷಿತ ಖರ್ಚಿಗೆಂದು ಬೇರೆ ಎತ್ತಿಡಿರಿ.

ಇನ್ನೊಂದು ಮಾತು. ಕಾಂಕ್ರೀಟು ಗಟ್ಟಿಯಾಗಲು ಕಾಲ ಬೇಕು, ತೇವ ಬೇಕು. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಬಿರುಬಿಸಿಲಿನಲ್ಲಿ 10 ದಿನ ನೀರುಣಿಸಬೇಕು. ಹಾರುಬೂದಿ ಬೆರೆತ ಪಿ.ಪಿ.ಸಿ. ಸಿಮೆಂಟಾದರೆ 14 ದಿನಗಳವರೆಗೆ ಬದು ಕಟ್ಟಿ ನೀರು ನಿಲ್ಲಿಸುವುದು ಲೇಸು. ಸಾಮಾನ್ಯ ಸಿಮೆಂಟಿನಲ್ಲಿ 4.5 ಮೀಟರಿಗಿಂತ ಅಗಲವಾದ ಕೋಣೆಯ ತಾರಸಿಯ ಊರೆಗಳು 14 ದಿನ, 6 ಮೀಟರಿಗಿಂತ ಉದ್ದವಾದ ತೊಲೆಯ ಊರೆಗಳು 21 ದಿನ ನಿಂತಿರಬೇಕು; ಪಿ.ಪಿ.ಸಿ. ಆದರೆ ಇನ್ನೂ ಹೆಚ್ಚು. ನಮ್ಮಲ್ಲಿ ಗೃಹಪ್ರವೇಶದ ದಿನವನ್ನು ಮೊದಲೇ ಗೊತ್ತು ಮಾಡಿ, ಆಮಂತ್ರಣ ಪತ್ರಿಕೆ ಹಂಚಿ, ಆ ದಿನಕ್ಕೆ ಸರಿಯಾಗಿ ಊರೆ ಕೀಳಿಸುವ ಆತುರ ಕಾಣುತ್ತೇವೆ. ದಿನವನ್ನು ತಾರಸಿ ನೋಡಿ ಗೊತ್ತು ಮಾಡಬೇಕೇ ಹೊರತು ದಿನ ನೋಡಿ ತಾರಸಿಯನ್ನು ಅವಸರಪಡಿಸಬಾರದು. ಬೆಳಗ್ಗೆ ಸಂಜೆ ಮೇಲೇರಿ ನೀರು ಹಾಕುವ ಹೊರೆ ಮನೆಯ ಹೆಣ್ಣುಮಕ್ಕಳ ಮೇಲೆಯೇ ಬೀಳದಂತೆ ಅದಕ್ಕೊಬ್ಬರ ಕೂಲಿಯನ್ನೂ ಅಂದಾಜಿನಲ್ಲಿ ಸೇರಿಸಿರಿ.

ಉಳಿತಾಯ ಬೇಡವೆಂದು ನಾವು ಹೇಳುವುದಿಲ್ಲ. ಮುಂಭಾಗದ ಅಲಂಕಾರವನ್ನು, ಬಾಗಿಲಿನ ಕೆತ್ತನೆಯನ್ನು, ಗೃಹಪ್ರವೇಶದ ಊಟದ ಪಂಕ್ತಿಗಳನ್ನು ಕಡಿಮೆ ಮಾಡಬಹುದು. ಬಣ್ಣವನ್ನು ಮುಂದಿನ ವರ್ಷ ಬಳಿಸಬಹುದು. ತಾರಸಿಯನ್ನು ಮಾತ್ರ ಮುಂದಿನ ವರ್ಷ ದಪ್ಪ ಮಾಡಲಾಗದು.