ಮುಚ್ಚಿರಬೇಕಾದ ಬಾಗಿಲು, ಬೀಗ ಬೀಳಬಾರದ ಬಾಗಿಲು

ಬಲ್ಮಠದ ಗುಡ್ಡದ ಮೇಲೆ ಹಂಚಿನ ಮಾಡಿನ ಕಟ್ಟಡಗಳೇ ಹೆಚ್ಚಾಗಿದ್ದ ಕಾಲದಲ್ಲಿ ಹೊಗೆಯು ಹಂಚಿನ ಸಂದುಗಳಿಂದ ತಾನಾಗಿ ಹೊರಟುಹೋಗುತ್ತಿತ್ತು. ಮನುಷ್ಯರಿಗೆ ಅಂಗಳಕ್ಕಿಳಿಯಲು ಹತ್ತು ಹೆಜ್ಜೆ ಸಾಕಾಗುತ್ತಿತ್ತು. ಇಂದು ಅಲ್ಲಿ ಬಹುಮಹಡಿ ಕಟ್ಟಡಗಳು ಎದ್ದಿವೆ. ಬೆಂಕಿ ಬಿದ್ದಾಗ ಲಿಫ್ಟ್ ಬಳಸುವಂತಿಲ್ಲ. ಉಳಿಯುವುದು ಮೆಟ್ಟಿಲ ದಾರಿಯೊಂದೇ. ಹೊಗೆಗೂ ಅದೇ ದಾರಿ ಇಷ್ಟ. ಅದನ್ನು ತಡೆಯಲೆಂದೇ ಮೆಟ್ಟಿಲ ಬಳಿ ಅಗ್ನಿನಿರೋಧಕ ಬಾಗಿಲುಗಳನ್ನು ಇಡುವುದು.

ಈ ಬಾಗಿಲಿನ ಧರ್ಮ ಸರಳವಾದುದು: ಸದಾ ಮುಚ್ಚಿರಬೇಕು, ಎಂದೂ ಬೀಗ ಬೀಳಬಾರದು. ನಾವೋ ಹಗಲು ಗಾಳಿ ಬರಲೆಂದು ಇಟ್ಟಿಗೆ ಒತ್ತಿ ತೆರೆದಿಡುತ್ತೇವೆ, ರಾತ್ರಿ ಕಳ್ಳರ ಭಯದಿಂದ ಬೀಗ ಜಡಿಯುತ್ತೇವೆ. ವಸತಿ ಸಮುಚ್ಚಯವೊಂದರ ಸಭೆಯಲ್ಲಿ ಈ ಮಾತೆತ್ತಿದಾಗ ನನಗೆ ದೊರೆತ ಉತ್ತರ: "ಮಾಸ್ಟ್ರೇ, ಕಟ್ಟಡಕ್ಕೆ ಸರ್ಟಿಫಿಕೇಟ್ ಸಿಕ್ಕಿದೆಯಲ್ಲ, ಇನ್ನೇನು ಚಿಂತೆ?"

ಸರ್ಟಿಫಿಕೇಟು ಅಂದಿನ ಬಾಗಿಲಿಗೆ, ಇಂದಿನದಕ್ಕಲ್ಲ. ನಮ್ಮ ಕಡಲಗಾಳಿಗೂ ನಾಲ್ಕು ತಿಂಗಳ ಮಳೆಗೂ ತಿರುಗಣಿ ತುಕ್ಕು ಹಿಡಿಯುತ್ತದೆ. ಡೋರ್ ಕ್ಲೋಸರಿನ ಎಣ್ಣೆ ಸೋರುತ್ತದೆ. ಶಾಖಕ್ಕೆ ಉಬ್ಬಿ ಸಂದು ಮುಚ್ಚಬೇಕಾದ ಅಂಚಿನ ಪಟ್ಟಿ ಕಿತ್ತುಹೋಗುತ್ತದೆ. ಪರೀಕ್ಷೆಗೆ ತಜ್ಞರೇ ಬೇಕೆಂದಿಲ್ಲ. ಬಾಗಿಲನ್ನು ತೆರೆದು ಕೈಬಿಡಿ. ತಾನಾಗಿ ಬಂದು ಚಿಲಕಕ್ಕೆ ಕೂತರೆ ಸರಿ. ನಡುವೆ ನಿಂತರೆ ಅದು ಬರಿಯ ಹಲಗೆ.

ಇದು ಮುದುಕನ ಅತಿಭಯವೆನ್ನುವವರು ದೆಹಲಿಯ ಉಪಹಾರ್ ಚಿತ್ರಮಂದಿರವನ್ನು ನೆನೆಯಲಿ. 1997ರ ಜೂನ್ 13ರಂದು ಅಲ್ಲಿ 59 ಮಂದಿ ಸತ್ತರು. ಬೆಂಕಿ ಹೊತ್ತಿದ್ದು ಕೆಳಗಿನ ಟ್ರಾನ್ಸ್‌ಫಾರ್ಮರಿನಲ್ಲಿ. ಜನ ಸತ್ತದ್ದು ಮೇಲೆ ಬಾಲ್ಕನಿಯಲ್ಲಿ, ಹೊಗೆಯಿಂದ. ಹೊರಹೋಗುವ ದಾರಿಗೆ ಕುರ್ಚಿ ಅಡ್ಡ, ಬಾಗಿಲಿಗೆ ಚಿಲಕ. ನಮ್ಮ ರಾಜಧಾನಿಯೂ ಕಂಡಿದೆ: 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ 9 ಮಂದಿ ತೀರಿಕೊಂಡರು. ದಾರಿ ಕಾಣದೆ ಕಿಟಕಿಯಿಂದ ಜಿಗಿದವರೂ ಅವರಲ್ಲಿದ್ದರು.

ಕಳ್ಳರ ನೆಪಕ್ಕೆ ಪರಿಹಾರ ಎಂದೋ ಬಂದಿದೆ. ಹೊರಗಿನಿಂದ ತೆರೆಯಲಾಗದ, ಒಳಗಿನಿಂದ ಅಡ್ಡಪಟ್ಟಿಯನ್ನು ತಳ್ಳಿದೊಡನೆ ತೆರೆದುಕೊಳ್ಳುವ ಬಾಗಿಲುಗಳು ಸಿಗುತ್ತವೆ. ಆಸ್ಪತ್ರೆಗಳಲ್ಲಿ ಸ್ಟ್ರೆಚರ್ ಸಾಗಲು ಬಾಗಿಲು ತೆರೆದೇ ಇರಬೇಕಾದಲ್ಲಿ, ಅಲಾರಂ ಕೂಗಿದೊಡನೆ ಹಿಡಿತ ಸಡಿಲಿಸುವ ಅಯಸ್ಕಾಂತವಿದೆ. ಹೊರಗೋಡೆಯ ಬಣ್ಣಕ್ಕೆ ಲಕ್ಷಗಟ್ಟಲೆ ಮಂಜೂರು ಮಾಡುವ ಸಂಘಗಳು, ಬಾಗಿಲುಗಳ ಹೆಸರಿನಲ್ಲಿ ಆಯವ್ಯಯದ ಒಂದು ಸಾಲನ್ನಾದರೂ ತೋರಿಸಲಿ.